ಐದು ಪಾಲು ಪುಡಿ

ಜಹೀರಾಬಾದಿನ ಹೊರಗೆ, ಹೆದ್ದಾರಿಗೆ ಬೆನ್ನು ಮಾಡಿ ನಿಂತಿರುವ ಎರಡಂತಸ್ತಿನ ಕಟ್ಟಡದಲ್ಲಿ ನನ್ನ ಕೆಲಸ. ಮೇಲೆ ಲ್ಯಾಬು, ಕೆಳಗೆ ಮೊಲಗಳ ಕೋಣೆ, ಹಿಂದಿನ ಅಂಗಳದ ತಗಡಿನ ಚಪ್ಪರದ ಕೆಳಗೆ ಮೂರು ಕುರಿ. ನಾವು ಅಲ್ಲಿ ಆಂಟಿಬಾಡಿ ತಯಾರಿಸುತ್ತೇವೆ. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮೊದಲೆಲ್ಲ "ಲ್ಯಾಬಿನಾಗ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಏಕೆಂದರೆ ಅವರ ಮುಂದಿನ ಮಾತು ಯಾವಾಗಲೂ "ರಕ್ತ, ಉಚ್ಚಿ ಪರೀಕ್ಷಾ ಮಾಡ್ತೀಯೇನು?" ಎಂದೇ ಇರುತ್ತಿತ್ತು. ಹೋದ ಚಳಿಗಾಲದಿಂದ ಈಚೆಗೆ ಪೂರ್ತಿ ಹೇಳುತ್ತೇನೆ. ಕೇಳಿದವರು ಇಳಿಯಬೇಕಾದ ಊರು ದಾಟಿ ಹೋದರೂ ಚಿಂತೆಯಿಲ್ಲ.

ನಮ್ಮ ಜೀವಕೋಶಗಳ ಒಳಗೆ ಸುದ್ದಿ ಮುಟ್ಟಿಸುವ ಪ್ರೊಟೀನುಗಳಿವೆ. ಅವುಗಳಲ್ಲಿ ಒಂದನ್ನು ಲ್ಯಾಬಿನವರು ಅರ್ಕ್ ಎನ್ನುತ್ತೇವೆ. ಹೊರಗಿನಿಂದ ಜೀವಕೋಶಕ್ಕೆ ಬೆಳೆಯುವ ಸೂಚನೆ ಬಂದಾಗ ಈ ಅರ್ಕಿಗೆ ಫಾಸ್ಫೇಟ್ ಎಂಬ ಸಣ್ಣ ತುಣುಕು ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಅದು ಕೆಲಸಕ್ಕೆ ಇಳಿಯುತ್ತದೆ, ಕಳಚಿದರೆ ಸುಮ್ಮನಾಗುತ್ತದೆ. ಎರಡೂ ಹೊತ್ತಿನಲ್ಲಿ ಪ್ರೊಟೀನು ಅದೇ. ಕ್ಯಾನ್ಸರಿನಂಥ ರೋಗಗಳ ಮೇಲೆ ಕೆಲಸ ಮಾಡುವವರಿಗೆ ಅರ್ಕ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಅರ್ಕ್ ಎಚ್ಚರವಾಗಿದೆ ಎಂಬುದು ಮುಖ್ಯ. ಆದ್ದರಿಂದ ಅವರಿಗೆ ಬೇಕಾದದ್ದು ಫಾಸ್ಫೇಟ್ ಇರುವ ಅರ್ಕನ್ನು ಮಾತ್ರ ಹಿಡಿದು, ಇಲ್ಲದ್ದನ್ನು ಮುಟ್ಟದೆ ಬಿಡುವ ಆಂಟಿಬಾಡಿ.

ಇದನ್ನು ನಾನು ಮೊದಲು ಬಿಡಿಸಿ ಹೇಳಿದ್ದು ಕುರಿ ನೋಡಿಕೊಳ್ಳುವ ಕಾಕಾನಿಗೆ. ಅವರ ಊರು ನಾಗಲಗಿದ್ದದ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡು. ಕುರಿ ಸಾಕುವ ಮನೆತನ. ಶನಿವಾರ ಸಂಜೆ ನಾರಾಯಣಖೇಡಿನಲ್ಲಿ ಬಸ್ಸು ಬದಲಿಸಿ ಮನೆಗೆ ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊದಲು ವಾಪಸು ಬಂದಿರುತ್ತಾರೆ. ನಾನು ಹೇಳಿದ್ದನ್ನೆಲ್ಲ ಅವರು ಮೇವಿನ ಕಟ್ಟು ಬಿಚ್ಚುತ್ತ ಕೇಳಿಸಿಕೊಂಡರು.

"ಔಷಧ ಕುಡಿಸಿದ ಕುರಿ ಬೆನ್ನಿಗಿ ನಾವು ಕೆಂಪು ಬಣ್ಣ ಹಚ್ತೀವಲ್ಲ, ಮತ್ತ ಅದಕ್ಕೇ ಎರಡ್ನೇ ಸಲ ಕುಡಿಸಬಾರದಂತ. ಹಂಗೇನವ್ವ ಇದು?"

"ಹಂಗೇ ಕಾಕಾ. ಆ ಬಣ್ಣನೂ ನಾಕು ದಿನಕ್ಕ ಹೋಗ್ತದ, ಇದೂ ಹೋಗ್ತದ."

"ಅಂದ್ರ ಕೆಂಪು ಇದ್ದುದು ಹಿಡಿ, ಬರಿ ಬೆನ್ನಿಂದು ಬಿಡು ಅಂತ ನಾಯಿಗಿ ಕಲಿಸ್ದಂಗ ಆತು."

"ನಿಮ್ಮ ನಾಯಿ ಕಲೀತದೇನು?"

"ನಮ್ಮ ನಾಯಿ ಎಲ್ಲಿ ಕಲೀತದ. ಅದಕ್ಕ ನನ್ನ ಗುರ್ತೇ ಬರೋಬರಿ ಸಿಗಲ್ಲ. ನಿಮ್ಮ ಕುರಿ ರಕ್ತ ಕಲೀತದ ಅಂತ ನೀನೇ ಹೇಳಾಕತ್ತೀ."

ಕುರಿಯ ರಕ್ತ ಕಲಿಯುತ್ತದೆ, ನಿಜ. ಫಾಸ್ಫೇಟ್ ಇರುವ ಅರ್ಕಿನ ಒಂದು ಚೂರನ್ನು ತಯಾರಿಸಿ ಕುರಿಗೆ ಚುಚ್ಚಿದರೆ, ಕುರಿಯ ಮೈ ಅದನ್ನು ಪರಕೀಯವೆಂದು ತಿಳಿದು ಅದನ್ನು ಹಿಡಿಯುವ ಆಂಟಿಬಾಡಿಗಳನ್ನು ಮಾಡಿಕೊಳ್ಳುತ್ತದೆ. ಕೆಲವು ವಾರಗಳ ನಂತರ ಕುತ್ತಿಗೆಯ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆದು, ಅದರೊಳಗಿಂದ ನಮಗೆ ಬೇಕಾದ ಆಂಟಿಬಾಡಿಯನ್ನು ಬೇರೆ ಮಾಡಿಕೊಳ್ಳುತ್ತೇವೆ. ನಮ್ಮ ಲ್ಯಾಬಿನ ಉಳಿದ ಆಂಟಿಬಾಡಿಗಳೆಲ್ಲ ಮೊಲದವು. ಕುರಿಯಿಂದ ತೆಗೆಯುವ ಪ್ರಯತ್ನ ಇದೇ ಮೊದಲು. ಮೂರು ಕುರಿಗಳಲ್ಲಿ ಎರಡರ ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಮೂರನೆಯದು, ಕಿವಿಯ ತುದಿ ಬಿಳಿ ಇರುವ ಕರಿ ಕುರಿ, ನಮ್ಮ ಕೈ ಹಿಡಿಯಿತು.

ಆ ರಕ್ತದಿಂದ ಆಂಟಿಬಾಡಿ ಬೇರೆ ಮಾಡುವ ಕೆಲಸವನ್ನು ಮೇಡಂ ನನಗೆ ಕೊಟ್ಟರು. ಮೇಡಂ ನಮ್ಮ ಲ್ಯಾಬಿನ ಮುಖ್ಯಸ್ಥೆ, ದಿನಾ ಬೀದರಿನಿಂದ ಬಂದು ಹೋಗುವವರು. ಒಂದು ಕೊಳವೆಯಲ್ಲಿ ಫಾಸ್ಫೇಟ್ ಇರುವ ಚೂರುಗಳನ್ನು ತುಂಬಿ ರಕ್ತದ ತಿಳಿಯನ್ನು ಹಾಯಿಸಬೇಕು. ಹಿಡಿದುಕೊಂಡದ್ದನ್ನು ಬಿಡಿಸಿ ತೆಗೆದು, ಫಾಸ್ಫೇಟ್ ಇಲ್ಲದ ಚೂರುಗಳ ಇನ್ನೊಂದು ಕೊಳವೆಯಲ್ಲಿ ಹಾಯಿಸಬೇಕು. ಎರಡನ್ನೂ ಹಿಡಿಯುವ ಬೇಡದ ಆಂಟಿಬಾಡಿಗಳು ಅಲ್ಲಿ ಉಳಿದು, ಬೇಕಾದವು ಕೆಳಗೆ ಇಳಿಯುತ್ತವೆ. ಹನ್ನೊಂದು ದಿನ ಹಿಡಿಯಿತು. ಕೊನೆಗೆ ಉಳಿದದ್ದು ನಾಲ್ಕು ಸಣ್ಣ ಟ್ಯೂಬು, ನೋಡಿದರೆ ಬರೀ ನೀರು. ಹೀಗೆ ಒಂದು ಸಲಕ್ಕೆ ತಯಾರಾದದ್ದನ್ನು ಲಾಟ್ ಎನ್ನುತ್ತೇವೆ; ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಿದ ಮೊದಲ ಲಾಟ್ ಅದು. ಆ ದಿನ ನನ್ನ ಡೈರಿಯಲ್ಲಿ "ಟ್ಯೂಬು ನಾಲ್ಕು, ಒಡೆದದ್ದು ಸೊನ್ನೆ" ಎಂದು ಬರೆದು, ಸೊನ್ನೆಯ ಸುತ್ತ ಇನ್ನೊಂದು ಗೆರೆ ಎಳೆದಿದ್ದೇನೆ.

ಡೈರಿ ಲ್ಯಾಬಿನ ರಿಜಿಸ್ಟರಿನಿಂದ ಬೇರೆ. ರಿಜಿಸ್ಟರು ಇಂಗ್ಲಿಷಿನಲ್ಲಿ, ಡೈರಿ ಕನ್ನಡದಲ್ಲಿ. ನಾನು ತಾಂಡೂರಿನವಳು. ಶಾಲೆಯಲ್ಲಿ ತೆಲುಗು ಕಲಿತೆ, ಕನ್ನಡ ಅಕ್ಷರವನ್ನು ಮನೆಯಲ್ಲಿ ಅಜ್ಜಿಯಿಂದ. ದಿನಕ್ಕೊಂದು ಪುಟ. ಮೇಲೆ ವಾರ, ತಾರೀಕು. ಕೆಳಗೆ ಆ ದಿನ ಎಷ್ಟು ಪರೀಕ್ಷೆ, ಎಷ್ಟು ಸರಿ, ಎಷ್ಟು ತಪ್ಪು, ಕರೆಂಟು ಎಷ್ಟು ಸಲ ಹೋಯಿತು, ಯಾರು ರಜೆ, ಯಾರು ತಡ. ಗೆಳತಿ ಇದನ್ನು ಪೊಲೀಸ್ ಸ್ಟೇಷನ್ ಎಂದು ಕರೆಯುತ್ತಾಳೆ.

ಗೆಳತಿ ಎಂದರೆ ನನ್ನ ಜೊತೆ ಕೆಲಸ ಮಾಡುವವಳು, ಧಾರೂರಿನವಳು. ನನಗಿಂತ ಎರಡು ವರ್ಷ ಚಿಕ್ಕವಳು. ಲಾಟ್ ಪರೀಕ್ಷೆ ಶುರುವಾಗುವ ಒಂದು ವಾರ ಮೊದಲು ಸಹಾಯಕ್ಕೆಂದು ಸೇರಿದಳು. ಅವಳಿಗೆ ಕನ್ನಡ ಬಾರದು, ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಹಾಗಾಗಿ ನಮ್ಮ ಮಾತೆಲ್ಲ ತೆಲುಗು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲಸದಲ್ಲಿ ಅವಳಷ್ಟು ಶುಚಿಯಾದವರನ್ನು ನಾನು ನೋಡಿಲ್ಲ. ಅವಳು ತೊಳೆದಿಟ್ಟ ಟ್ರೇಯಲ್ಲಿ ಮುಖ ನೋಡಿ ಬೊಟ್ಟು ಇಟ್ಟುಕೊಳ್ಳಬಹುದು.

ಆಂಟಿಬಾಡಿ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಗೆ ಬ್ಲಾಟ್ ಎನ್ನುತ್ತಾರೆ. ಜೀವಕೋಶಗಳನ್ನು ಒಡೆದ ರಸವನ್ನು ಜೆಲ್ ಎಂಬ ಮೆತ್ತನೆಯ ಪದರದಲ್ಲಿ ಕರೆಂಟಿನಿಂದ ಓಡಿಸಿ, ಪ್ರೊಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಅಂಗೈಯಷ್ಟಗಲದ ಬಿಳಿ ಹಾಳೆಯ ಮೇಲೆ ಇಳಿಸಿಕೊಳ್ಳುತ್ತೇವೆ. ಆಮೇಲೆ ಒಂದು ಗಂಟೆ ಆ ಹಾಳೆಯನ್ನು ಒಂದು ದ್ರಾವಣದಲ್ಲಿ ನೆನೆಸಬೇಕು. ಹಾಳೆಯ ಖಾಲಿ ಜಾಗವನ್ನೆಲ್ಲ ಆ ದ್ರಾವಣ ಮುಚ್ಚಿಬಿಡುತ್ತದೆ, ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ. ಇದೇ ಬ್ಲಾಕ್. ನಂತರ ನಮ್ಮ ಕುರಿಯ ಆಂಟಿಬಾಡಿ. ಅದರ ಮೇಲೆ ಕುರಿಯ ಆಂಟಿಬಾಡಿಯನ್ನೇ ಹುಡುಕಿ ಹಿಡಿದು ಬೆಳಕು ಕೊಡುವ ಎರಡನೇ ಆಂಟಿಬಾಡಿ, ಅದು ಹೊರಗಿನಿಂದ ಕೊಂಡದ್ದು. ಆ ಬೆಳಕನ್ನು ಯಂತ್ರ ಕಪ್ಪಾಗಿ ತೋರಿಸುತ್ತದೆ. ಎಲ್ಲ ಸರಿಯಾದರೆ ಅದರ ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಕಪ್ಪು ಗೆರೆ ಮೂಡುತ್ತವೆ. ಅರ್ಕ್ ಅವಳಿ ಪ್ರೊಟೀನು, ಅದಕ್ಕೇ ಎರಡು.

ಬ್ಲಾಕಿಗೆ ನಮ್ಮಲ್ಲಿ ಎರಡು ಬಿಳಿ ಪುಡಿ ಇದ್ದವು. ಮೊಲದ ಮಾಮೂಲಿ ಆಂಟಿಬಾಡಿಗಳಿಗೆ ಹಾಲಿನ ಪುಡಿ, ಅದು ಕಪಾಟಿನ ಡಬ್ಬಿಯಲ್ಲಿ. ಈ ಲಾಟಿಗೆ ಅಲ್ಬುಮಿನ್ ಎಂಬ ಒಂದೇ ಶುದ್ಧ ಪ್ರೊಟೀನಿನ ಪುಡಿ, ಅದು ಫ್ರಿಜ್ಜಿನ ಬಾಟಲಿಯಲ್ಲಿ. ಲಾಟ್ ಕೆಲಸ ಶುರುವಾದ ಮೇಲೆ ನಾನು ಬರೀ "ಪುಡಿ" ಎಂದರೆ ಅಲ್ಬುಮಿನ್ ಎಂದೇ ಅರ್ಥ. ಗೆಳತಿಗೆ ಅನುಕೂಲವಾಗಲೆಂದು ನಾನು ತೆಲುಗು ಅಕ್ಷರದಲ್ಲಿ ಒಂದು ಚೀಟಿ ಬರೆದು ಅವಳ ಮೇಜಿನ ಎದುರು ಅಂಟಿಸಿದೆ. ಹೀಗೆ ತೆಲುಗಿನಲ್ಲಿ ಬರೆದುಕೊಟ್ಟದ್ದಕ್ಕೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಗಿತ್ತು.

ವಾರಕ್ಕೆ ಮೂರು ಬ್ಲಾಟ್. ಸೋಮವಾರ, ಬುಧವಾರ, ಶುಕ್ರವಾರ. ಮೊದಲ ಸೋಮವಾರ ಎರಡು ಗೆರೆ ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಬಂದವು. ನಾನು ಅಂಗಳಕ್ಕೆ ಇಳಿದು ಹೋಗಿ ಕಾಕಾನಿಗೆ ಹೇಳಿದೆ. ಬುಧವಾರ ಹಾಳೆಯೆಲ್ಲ ಕಪ್ಪು. ಗೆರೆ ಎಲ್ಲಿದೆ ಎಂದು ಹುಡುಕುವುದೂ ಸಾಧ್ಯವಿಲ್ಲ, ಒಲೆಯ ಹಿಂದಿನ ಗೋಡೆಯ ಹಾಗೆ. ಶುಕ್ರವಾರವೂ ಅದೇ. ನಾಲ್ಕು ವಾರ ಹೀಗೇ ನಡೆಯಿತು. ಬ್ಲಾಟ್ ಹನ್ನೆರಡು. ಸರಿ ನಾಲ್ಕು, ಕಪ್ಪು ಎಂಟು.

ಎರಡನೇ ವಾರದಲ್ಲೇ ಮೇಡಂ ಕೇಳಿದ್ದರು. "ಬ್ಲಾಕ್ ಏನರ ಬದಲಿ ಮಾಡೀರೇನು?"

"ಇಲ್ರಿ ಮೇಡಂ. ನಾನೇ ಬರೆದು ಕೊಟ್ಟೀನಿ, ಅದೇ ನಡದದ."

ಅವರು ಮತ್ತೆ ಕೇಳಲಿಲ್ಲ. ನಾನು ಹೇಳಿದರೆ ಅದು ನೋಡಿ ಹೇಳಿದ್ದು ಎಂಬ ನಂಬಿಕೆ ಅವರಿಗೆ.

ನಾಲ್ಕನೇ ಶುಕ್ರವಾರ ಅವರು ಹನ್ನೆರಡೂ ಫೋಟೊಗಳನ್ನು ಮೇಜಿನ ಮೇಲಿಟ್ಟುಕೊಂಡು ನನ್ನನ್ನು ಕರೆದರು. "ಒಂದಿನ ಛಲೋ ಬಂದು ಎರಡು ದಿನ ಕೆಡೋದು ಪೂರಾ ಕೆಟ್ಟಿದ್ದಕ್ಕಿಂತ ಖರಾಬ್. ಪೂರಾ ಕೆಟ್ಟಿದ್ರ ಯಾರೂ ನಂಬಲ್ಲ. ಇಂಥಾದ್ದನ್ನ ನಂಬ್ತಾರ, ನಂಬಿ ತಪ್ಪು ಬರೀತಾರ. ಬರೋ ವಾರ ಶನಿವಾರ ಲಾಟ್ ರದ್ದು ಅಂತ ಸಹಿ ಮಾಡ್ತೀನಿ. ಕುರಿ ಕೆಲಸನೂ ಅಲ್ಲಿಗೇ ನಿಂದ್ರಸ್ತೀನಿ."

"ಕುರಿ ಏನು ಮಾಡ್ತೀರಿ ಮೇಡಂ?"

"ಕೊಟ್ಟುಬಿಡ್ತೀವಿ. ಇಟ್ಕೊಂಡು ಏನು ಮಾಡೋದು."

ಕಾಕಾನಿಗೆ ಇದನ್ನು ಹೇಳಬೇಕಾದವಳು ನಾನೇ. ಅವರು ಸಿಟ್ಟಾಗಲಿಲ್ಲ. ಮೂರನೇ ಕುರಿಯ ಕಿವಿಯಿಂದ ಒಂದು ಉಣ್ಣೆಹುಳ ಕಿತ್ತು ಕಾಲಡಿ ಹಾಕಿ ತುಳಿದರು. "ನನ್ನ ಕುರಿ ರಕ್ತ ಕರ್ರಗಿಲ್ಲವ್ವ. ನೀ ಕಣ್ಣಾರೆ ನೋಡೀದಿ. ಮ್ಯಾಲೆ ಹೋದ ಮ್ಯಾಲ ಕರ್ರಗ ಆಗ್ಲಕತ್ತದ ಅಂದ್ರ ಮ್ಯಾಲೇ ಏನೋ ಆಗ್ಲಕತ್ತದ."

ನನಗೆ ಆ ಮಾತು ಚುಚ್ಚಿತು. ಮೇಲೆ ಇರುವವಳು ನಾನು.

ಆ ಭಾನುವಾರ ತಾಂಡೂರಿನ ಮನೆಯಲ್ಲಿ, ನುಣುಪು ಕಲ್ಲಿನ ನೆಲದ ಮೇಲೆ ಹನ್ನೆರಡು ಫೋಟೊಗಳ ಸಣ್ಣ ಪ್ರತಿಗಳನ್ನು ಹರಡಿಕೊಂಡು ಕುಳಿತೆ. ಮೇಡಂ ಒಪ್ಪಿಗೆ ಪಡೆದೇ ತಂದಿದ್ದೆ. ಪ್ರತಿಯೊಂದರ ಮೇಲೆ ವಾರ, ತಾರೀಕು, ಕರೆಂಟು ಹೋದ ಹೊತ್ತು ಎಲ್ಲ ಬರೆದಿತ್ತು. ಜೀವಕೋಶಗಳು ಯಾವ ಬಾರಿಯವು ಎಂದು ಜೋಡಿಸಿ ನೋಡಿದೆ, ಹೊಂದಲಿಲ್ಲ. ಕರೆಂಟು ಹೋದ ದಿನ, ಹೋಗದ ದಿನ ಎಂದು ಜೋಡಿಸಿದೆ, ಹೊಂದಲಿಲ್ಲ. ಎರಡನೇ ಆಂಟಿಬಾಡಿಯ ಬಾಟಲಿ ಬದಲಾದದ್ದು ಯಾವಾಗ ಎಂದು ನೋಡಿದೆ, ಅದೂ ಇಲ್ಲ. ಅವ್ವ ತೊಗರಿಬೇಳೆ ಆರಿಸುವ ಮೊರ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು.

"ಯಾವುವು ಛಲೋ ಬಂದವು?" ಎಂದಳು.

ನಾನು ಸರಿಯಾದ ನಾಲ್ಕನ್ನು ತೋರಿಸಿದೆ. ಅವಳು ಬಗ್ಗಿ ಓದಿದಳು. "ಸೋಮವಾರ. ಸೋಮವಾರ. ಇದೂ ಸೋಮವಾರ. ನಾಕೂ ಸೋಮವಾರನೇ ಅವ ನೋಡು. ಶಿವನ ವಾರ ಎಂದಾದ್ರೂ ಕೈ ಬಿಡ್ತದೇನು?"

"ಅವ್ವ, ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ನೀ ಹುಡುಕು. ನಾ ವಾರ ಹೇಳೀನಿ."

ವಾರ ಪ್ರತಿ ಪುಟದ ಮೇಲೆ ನಾನೇ ಬರೆದದ್ದು. ಆದರೂ ನಾಲ್ಕು ವಾರಗಳಲ್ಲಿ ಒಮ್ಮೆಯೂ ಅದನ್ನೊಂದು ಕಾರಣವಿರಬಹುದೆಂದು ಓದಿರಲಿಲ್ಲ. ಸೋಮವಾರ ನಮ್ಮ ಮನೆಯಲ್ಲಿ ಒಪ್ಪತ್ತು, ನಾನೂ ಲ್ಯಾಬಿನಲ್ಲಿ ಸಂಜೆಯವರೆಗೆ ಊಟ ಮಾಡುವುದಿಲ್ಲ. ಆದರೆ ನನ್ನ ಹೊಟ್ಟೆ ಖಾಲಿ ಇದ್ದರೆ ಬ್ಲಾಟ್ ಸರಿಬರುತ್ತದೆ ಎಂದು ಮೇಡಂಗೆ ಬರೆದುಕೊಡಲು ಆಗುತ್ತದೆಯೇ. ಸೋಮವಾರಕ್ಕೂ ಉಳಿದ ದಿನಗಳಿಗೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿದೆ. ಏಳು ಸಿಕ್ಕವು. ಐದನ್ನು ಡೈರಿಯ ಹಳೆಯ ಪುಟ ನೋಡಿಯೇ ಹೊಡೆದುಹಾಕಿದೆ. ಉಳಿದವು ಎರಡು. ಸೋಮವಾರ ತೊಳೆಯುವ ನೀರು ಹೊಸ ಬಾಟಲಿಯದು. ಮತ್ತೊಂದು, ಗೆಳತಿ ಭಾನುವಾರ ಊರಿಗೆ ಹೋಗಿ ಸೋಮವಾರ ತಡವಾಗಿ ಬರುತ್ತಾಳೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸು ಜಹೀರಾಬಾದ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅವತ್ತು ಬ್ಲಾಕ್ ಮಾಡುವವಳು ನಾನು.

ಬುಧವಾರ, ಶುಕ್ರವಾರ ಆ ಒಂದು ಗಂಟೆ ನಾನು ಕೆಳಗಿನ ಕೋಣೆಯಲ್ಲಿ ಮೊಲಗಳ ರಿಜಿಸ್ಟರು ಬರೆಯುತ್ತಿರುತ್ತೇನೆ. ಮೇಲೆ ಬರುವಷ್ಟರಲ್ಲಿ ಗೆಳತಿ ಹಾಳೆಯನ್ನು ಮೂರು ಸಲ ತೊಳೆದು, ಟ್ರೇ ಉಜ್ಜಿ, ಒರೆಸಿ, ಶುದ್ಧ ನೀರಿನಲ್ಲಿಟ್ಟು ನನಗಾಗಿ ಕಾಯುತ್ತಿರುತ್ತಾಳೆ. ಆಂಟಿಬಾಡಿ ಬೆರೆಸಿ ಹಾಕುವುದು ನಾನು.

ಪಟ್ಟಿಯ ಕೊನೆಯ ಸಾಲನ್ನು ನೋಡುತ್ತ ನನಗೆ ಸಂಕಟವಾಯಿತು. ಅವಳ ಹಿಂದೆ ನಿಂತು ಪರೀಕ್ಷೆ ಮಾಡುವುದೆಂದರೆ ಅನುಮಾನಿಸಿದಂತೆ. ಸೋಮವಾರ ಹೊಸ ಬಾಟಲಿಯ ಬದಲು ಬೇಕೆಂದೇ ಹಳೆಯ ಬಾಟಲಿಯ ನೀರು ಬಳಸಿ ನಾನೇ ಬ್ಲಾಟ್ ಮಾಡಿದೆ. ಹದಿಮೂರನೆಯದು. ಎರಡು ಗೆರೆ, ಸ್ವಚ್ಛ. ನೀರು ಪಟ್ಟಿಯಿಂದ ಹೋಯಿತು.

ಬುಧವಾರ ನಾನು ಕೆಳಗೆ ಇಳಿಯಲಿಲ್ಲ. ಕಿಟಕಿಯ ಪಕ್ಕ ಕುಳಿತು ಏನೋ ಬರೆಯುವಂತೆ ಮಾಡಿದೆ. ಗೆಳತಿ ಬ್ಲಾಕಿನ ಪುಡಿ ಕರಗಿಸುವ ಬಫರ್ ನೀರು ಅಳೆದಳು, ಕಪಾಟು ತೆರೆದಳು, ಡಬ್ಬಿ ತೆಗೆದು ಚಮಚದಿಂದ ತಕ್ಕಡಿಗೆ ಹಾಕತೊಡಗಿದಳು. ಡಬ್ಬಿಯ ಮೇಲೆ ಹಸುವಿನ ಚಿತ್ರವಿತ್ತು.

"ಅದ್ಯಾಕೆ ತಗೊಂಡೆ?" ಎಂದೆ.

ಅವಳು ತಿರುಗಿ ಮೊದಲು ನನ್ನನ್ನು, ಆಮೇಲೆ ಚೀಟಿಯನ್ನು ನೋಡಿದಳು. "ನುವ್ವೇ ರಾಸಿನವ್ ಕದಾ" ಎಂದಳು. ನೀನೇ ಬರೆದಿದ್ದಲ್ಲ ಎಂದು.

ನಾನು ಎದ್ದು ಹೋಗಿ ಚೀಟಿ ಓದಿದೆ. ನನ್ನದೇ ಕೈಬರಹ, ಚೆಂದದ ತೆಲುಗು ಅಕ್ಷರ. "ನೂರಕ್ಕೆ ಐದು ಪಾಲು ಪುಡಿ."

ತೆಲುಗಿನಲ್ಲಿ ಪಾಲು ಎಂದರೆ ಹಾಲು. ಭಾಗ ಎಂಬ ಅರ್ಥವೂ ಉಂಟು, ಆದರೆ ಪುಡಿಯ ಪಕ್ಕ ಕುಳಿತ ಪಾಲನ್ನು ಯಾರೂ ಭಾಗವೆಂದು ಓದುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ತಾಂಡೂರಿನಲ್ಲಿ ಮಾತು ಕಲಿತ ಮಗುವಿಗೂ ಗೊತ್ತು. ನಮ್ಮ ಓಣಿಯಲ್ಲಿ ಒಂದು ಮನೆಗೆ ಹಾಲು ಹಾಕುವವನು ಪಕ್ಕದ ಮನೆಗೆ ಪಾಲು ಹಾಕುತ್ತಾನೆ. ಚೀಟಿ ಬರೆಯುವಾಗ ನನ್ನ ಕೈಯಲ್ಲಿದ್ದದ್ದು ತೆಲುಗು ಲಿಪಿ, ತಲೆಯಲ್ಲಿದ್ದದ್ದು ಕನ್ನಡ.

"ನೀನು ನೂರಕ್ಕೆ, ಪುಡಿ ಅಂತ ಬರೆದಿದ್ದೀ, ನೂಟಿಕಿ, ಪೊಡಿ ಅಂತ ಇರಬೇಕಿತ್ತು" ಎಂದಳು ಗೆಳತಿ. "ಕನ್ನಡದವರ ತೆಲುಗು ಹೀಗೇ ಇರ್ತದ ಅಂತ ನಾನೇ ತಿದ್ದಿ ಓದಿಕೊಂಡೆ. ನಿನಗೆ ಹೇಳಿದ್ರೆ ಬೇಜಾರಾಗ್ತದ ಅಂತ ಹೇಳಲಿಲ್ಲ."

ಅವಳು ತಿದ್ದಿ ಓದಿದ್ದು ಸರಿಯಾಗಿಯೇ ಇತ್ತು. ಐದು, ಹಾಲಿನ ಪುಡಿ. ಅಳತೆಯಲ್ಲೂ ಒಮ್ಮೆಯೂ ತಪ್ಪಿರಲಿಲ್ಲ.

ಹಾಲಿನಿಂದ ಹಾಳೆ ಏಕೆ ಕಪ್ಪಾಯಿತು ಎಂಬುದಕ್ಕೆ ಆಮೇಲೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಹಾಲಿನಲ್ಲಿ ಹಸುವಿನ ಆಂಟಿಬಾಡಿಯೂ ಇರುತ್ತದೆ. ಹಸು ಮತ್ತು ಕುರಿ ಹತ್ತಿರದ ಸಂಬಂಧಿಗಳು. ಕುರಿಯದ್ದನ್ನು ಹುಡುಕಬೇಕಾದ ನಮ್ಮ ಎರಡನೇ ಆಂಟಿಬಾಡಿ ಹಸುವಿನದ್ದನ್ನೂ ಕುರಿಯದ್ದೆಂದೇ ತಿಳಿದು ಹಾಳೆಯ ತುಂಬ ಹಿಡಿದುಕೊಂಡಿದೆ. ಮೊಲದ ಲಾಟುಗಳಲ್ಲಿ ಆ ತೊಂದರೆ ಇಲ್ಲ. ಅದು ಸಾಲದೆಂಬಂತೆ ಹಾಲಿನ ಮುಖ್ಯ ಪ್ರೊಟೀನಿನ ಮೈಮೇಲೂ ಫಾಸ್ಫೇಟ್ ಇದೆ, ಫಾಸ್ಫೇಟ್ ಹುಡುಕುವ ಪರೀಕ್ಷೆಗೆ ಹಾಲು ಬೇಡ ಎನ್ನುವುದು ಅದಕ್ಕೇ. ಎಷ್ಟೇ ಚೆನ್ನಾಗಿ ತೊಳೆದರೂ ಹಾಳೆಗೆ ಅಂಟಿದ್ದು ಹೋಗುವುದಿಲ್ಲ. ಟ್ರೇಯಲ್ಲಿ ಉಳಿದದ್ದು ಮಾತ್ರ ಹೋಗುತ್ತದೆ. ಅದು ಹೋಗಿದ್ದರಿಂದಲೇ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಗೆಳತಿ ಚಮಚವನ್ನು ತಕ್ಕಡಿಯ ಪಕ್ಕ ಇಟ್ಟಳು. "ಎಂಟು ಹಾಳೆ ನಾನು ಕೆಡಿಸಿದೆ. ಮೇಡಂ ನನ್ನನ್ನ ಇಟ್ಕೋತಾರಾ?"

"ನೀನು ಓದಿದ್ದೆ. ಬರೆದವಳು ನಾನು" ಎಂದೆ.

ಚೀಟಿ ಕಿತ್ತುಕೊಂಡು ನೇರ ಮೇಡಂ ಕೋಣೆಗೆ ಹೋದೆ. ನಿಂತು ಯೋಚಿಸಿದರೆ ಮಾತು ಬೇರೆ ರೂಪ ತಾಳುತ್ತದೆ ಎಂದು ನಿಲ್ಲಲಿಲ್ಲ. ನಡೆದದ್ದನ್ನು ವಾರ, ತಾರೀಕುಗಳ ಪ್ರಕಾರ ಹೇಳಿದೆ. ಮೇಡಂ ಚೀಟಿಯನ್ನು ಒಮ್ಮೆ ಕನ್ನಡದ ಹಾಗೆ, ಒಮ್ಮೆ ತೆಲುಗಿನ ಹಾಗೆ ಗಟ್ಟಿಯಾಗಿ ಓದಿದರು. ತುಟಿಯ ಅಂಚು ಸ್ವಲ್ಪ ಅಲುಗಿತು, ಅಷ್ಟೇ.

"ಬ್ಲಾಕ್ ಬದಲಾಗಿಲ್ಲ ಅಂತ ನಂಗ ಹೇಳಿದ್ದು ಯಾರು?"

"ನಾನೇರಿ."

"ನೋಡಿ ಹೇಳಿದ್ರೋ, ನಂಬಿ ಹೇಳಿದ್ರೋ?"

"ನಂಬಿ ಹೇಳಿದೆರಿ. ತಪ್ಪು ನಂದು. ಆಕೀದು ಏನೂ ಇಲ್ಲ."

"ಅದು ನಂಗೂ ಕಾಣಸ್ತದ. ಆದ್ರ ಒಂದು ಮಾತು ಕೇಳ್ರಿ. ಕೆಡಾಕ ಕಾರಣ ಸಿಕ್ತು ಅಂದ್ರ ಲಾಟ್ ಛಲೋ ಅದ ಅಂತ ಆಗಲ್ಲ. ಹಾಲಿನ ಮ್ಯಾಲ ಹಾಕಿ ಪಾರಾಗಾಕ ಬರಲ್ಲ."

ಶನಿವಾರದ ಗಡುವನ್ನು ಅವರು ಸಡಿಲಿಸಲಿಲ್ಲ. ಬದಲಿಗೆ ಪರೀಕ್ಷೆ ಇಟ್ಟರು. ಜೀವಕೋಶದ ರಸದ ಆರು ಟ್ಯೂಬು ತಾವೇ ತಯಾರಿಸಿ, ಮೇಲೆ ಬರೀ ಒಂದರಿಂದ ಆರರವರೆಗೆ ಅಂಕಿ ಬರೆದರು. ಕೆಲವು ಟ್ಯೂಬಿನ ಕೋಶಗಳಿಗೆ ಬೆಳೆಯುವ ಸೂಚನೆ ಕೊಟ್ಟಿರುತ್ತಾರೆ, ಕೆಲವಕ್ಕೆ ಕೊಟ್ಟಿರುವುದಿಲ್ಲ. ಇನ್ನು ಕೆಲವಕ್ಕೆ ಕೊಟ್ಟು, ಆಮೇಲೆ ಫಾಸ್ಫೇಟನ್ನು ಕಿಣ್ವದಿಂದ ಕಳಚಿಬಿಟ್ಟಿರುತ್ತಾರೆ. ಎಲ್ಲದರಲ್ಲೂ ಅರ್ಕ್ ಒಂದೇ ಸಮ. ಯಾವುದರಲ್ಲಿ ಫಾಸ್ಫೇಟ್ ಇದೆ ಎಂದು ನಮ್ಮ ಆಂಟಿಬಾಡಿ ಹೇಳಬೇಕು. ಉತ್ತರ ಬರೆದ ಕಾಗದವನ್ನು ಲಕೋಟೆಯಲ್ಲಿಟ್ಟು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಶುಕ್ರವಾರ ನೀವು ಮಾಡ್ರಿ. ಶನಿವಾರ ಮುಂಜಾನೆ ಆಕಿ ಮಾಡ್ಲಿ, ಮೊದಲಿಂದ ಕಡೀತನಕ ಆಕೀನೇ. ನೀವು ಕೈ ಹಚ್ಚಬ್ಯಾಡ್ರಿ. ಯಾರ ಕೈಯಾಗಾದ್ರೂ ಒಂದೇ ಥರ ಬರಬೇಕು. ಬಂದ್ರ ಅದು ಲಾಟ್."

ಗೆಳತಿಗೆ ಇದನ್ನು ಹೇಳಿದಾಗ ಅವಳು ಕುಳಿತುಬಿಟ್ಟಳು. ಇಡೀ ಬ್ಲಾಟನ್ನು ಅವಳು ಒಮ್ಮೆಯೂ ಒಂಟಿಯಾಗಿ ಮಾಡಿರಲಿಲ್ಲ. ಗುರುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಖಾಲಿ ಹಾಳೆಯ ಮೇಲೆ ಅಭ್ಯಾಸ ಮಾಡಿದೆವು. ಮಧ್ಯಾಹ್ನ ಕಾಕಾ ಮೆಟ್ಟಿಲ ಮೇಲೆ ನಿಂತು ಇಣುಕಿ, "ಇಬ್ಬರೂ ರೊಟ್ಟಿ ತಿಂದ್ರೋ ಇಲ್ಲೋ? ಕುರಿ ಪಾಪ ಮೂರೂ ತಿಂದಾವ" ಎಂದು ಹೇಳಿ ಇಳಿದು ಹೋದರು.

ಶುಕ್ರವಾರ ನನ್ನ ಬ್ಲಾಟ್. ಬ್ಲಾಕಿನ ದ್ರಾವಣ ಫ್ರಿಜ್ಜಿನ ಬಾಟಲಿಯಿಂದ, ತಿಳಿಯಾಗಿ. ಹಾಳೆಯ ಮೇಲೆ ಒಂದೊಂದು ಟ್ಯೂಬಿಗೆ ಒಂದೊಂದು ಸಾಲು. ಸಂಜೆ ಪರದೆಯ ಮೇಲೆ ಮೊದಲು ಎರಡನೇ ಸಾಲಿನಲ್ಲಿ ಜೋಡಿ ಗೆರೆ ಕಂಡಿತು, ನಂತರ ಮೂರನೆಯದರಲ್ಲಿ, ಆಮೇಲೆ ಆರನೆಯದರಲ್ಲಿ. ಒಂದು, ನಾಲ್ಕು, ಐದು ಬಿಳಿಯಾಗಿಯೇ ಉಳಿದವು. ಮೇಡಂ ನೋಡಿ "ಹ್ಞೂಂ" ಎಂದು ಬೀದರಿನ ಬಸ್ಸಿಗೆ ಹೋದರು. ಲಕೋಟೆ ತೆರೆಯಲಿಲ್ಲ. ಫೋಟೊವನ್ನು ಅವರೇ ಒಯ್ದದ್ದರಿಂದ ಗೆಳತಿ ಅದನ್ನು ನೋಡಿರಲಿಲ್ಲ. ನಾನೂ ಹೇಳಲಿಲ್ಲ.

ಶನಿವಾರ ನಾನು ಕೈಗಳನ್ನು ಕುರ್ಚಿಯ ಹಿಂದೆ ಕಟ್ಟಿಕೊಂಡು ಕುಳಿತೆ. ಗೆಳತಿ ಜೆಲ್ಲಿಗೆ ರಸ ಹಾಕುವಾಗ ಉಸಿರು ಹಿಡಿದಿದ್ದಳು. ಹಾಳೆಗೆ ಇಳಿಸುವಾಗ ಗಾಳಿಗುಳ್ಳೆ ಒಂದನ್ನು ತಾನೇ ಕಂಡುಹಿಡಿದು ಉರುಳೆಯಿಂದ ಒತ್ತಿ ತೆಗೆದಳು. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಮಧ್ಯಾಹ್ನ ಮೂರೂವರೆಗೆ ಹಾಳೆ ಯಂತ್ರದೊಳಗೆ ಹೋಯಿತು. ಪರದೆ ಕಪ್ಪಾಗುವುದೇ ಎಂದು ನಾನು ಅದರ ಅಂಚುಗಳನ್ನೇ ನೋಡುತ್ತಿದ್ದೆ. ಅಂಚು ಬಿಳಿಯಾಗಿಯೇ ಇತ್ತು.

"ಎರಡು" ಎಂದಳು ಗೆಳತಿ ಸಣ್ಣ ದನಿಯಲ್ಲಿ. "ಮೂರು." ಸ್ವಲ್ಪ ಹೊತ್ತು ಬಿಟ್ಟು, "ಆರು. ಅಷ್ಟೇ. ಇನ್ನೇನೂ ಇಲ್ಲ."

ಮೇಡಂ ಬ್ಯಾಗಿನಿಂದ ಲಕೋಟೆ ತೆಗೆದು ಅವಳ ಕೈಗೇ ಕೊಟ್ಟರು. ಅವಳು ಹರಿದು ಓದಿದಳು. ಸೂಚನೆ ಕೊಟ್ಟು ಫಾಸ್ಫೇಟ್ ಉಳಿಸಿದ ಟ್ಯೂಬುಗಳು ಎರಡು, ಮೂರು, ಆರು. ನಾಲ್ಕನೆಯದು ಫಾಸ್ಫೇಟ್ ಕಳಚಿದ್ದು. ಅದರಲ್ಲಿ ಅರ್ಕ್ ಉಳಿದವುಗಳಷ್ಟೇ ಇತ್ತು, ನಮ್ಮ ಆಂಟಿಬಾಡಿ ಅದನ್ನು ಮುಟ್ಟಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯಾದದ್ದು ಆ ಖಾಲಿ ಸಾಲಿನ ಬಗ್ಗೆ. ಇರುವುದನ್ನು ತೋರಿಸುವ ಆಂಟಿಬಾಡಿ ಬೇಕಾದಷ್ಟಿವೆ. ಹೋದದ್ದು ಹೋಗಿದೆ ಎಂದು ಹೇಳಲು ಗೊತ್ತಿರುವಂಥದ್ದನ್ನು ನಾವು ಮಾಡಿದ್ದೆವು.

ಮೇಡಂ ರದ್ದು ಮಾಡುವ ನಮೂನೆಯನ್ನು ಮೇಜಿನ ಡ್ರಾಯರಿಗೆ ಹಾಕಿ ಇನ್ನೊಂದನ್ನು ತೆಗೆದರು. ಲಾಟ್ ನಂಬರ್ ಬರೆದರು. ಪರೀಕ್ಷಿಸಿದವರು ಎಂಬಲ್ಲಿ ಎರಡು ಸಾಲಿದ್ದವು. ಮೊದಲನೆಯದರಲ್ಲಿ ಗೆಳತಿಗೆ ಸಹಿ ಮಾಡಲು ಹೇಳಿದರು, ಎರಡನೆಯದರಲ್ಲಿ ನನಗೆ. ಆಮೇಲೆ ನನ್ನ ಕಡೆ ನೋಡಿ, "ಚೀಟಿ ಬರೀರಿ, ಬ್ಯಾಡ ಅನ್ನಲ್ಲ. ಬರೆದ ಮ್ಯಾಲ ಅವರ ಬಾಯಿಂದ ಒಮ್ಮೆ ಓದಿಸಿ ಕೇಳ್ರಿ" ಎಂದರು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಇದೇ ಪದ್ಧತಿ. ಹೊಸಬರಿಗೆ ಬರೆದುಕೊಟ್ಟರೆ ಅವರು ಡಬ್ಬಿಯ ಎದುರು ನಿಂತು ಓದಿ, ಡಬ್ಬಿ ಮುಟ್ಟಿ ತೋರಿಸಬೇಕು.

ಕಾಕಾ ಊರಿಗೆ ಹೊರಡುವ ತಯಾರಿಯಲ್ಲಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ನಾನು ಗೆಳತಿಯ ಬ್ಲಾಟಿನ ಫೋಟೊ ತೋರಿಸಿದೆ. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು ನೋಡಿದರು.

"ಇಷ್ಟೇ?"

"ಇಷ್ಟೇ ಕಾಕಾ."

"ಇದಕ್ಕೇನು ಇಷ್ಟು ದಿನ ಅಂಜಿಸಿದ್ರಿ?" ಎಂದರು. ಆದರೆ ಫೋಟೊ ವಾಪಸು ಕೊಡಲಿಲ್ಲ. ಊರಲ್ಲಿ ತೋರಿಸುತ್ತೇನೆ ಎಂದರು. ಅಂಕಿ ಅಂಶವೇನೂ ಇಲ್ಲದ ಪ್ರತಿ ಅದು, ಕಾಕಾ ಒಯ್ಯಲಿ ಎಂದು ಮೇಡಂ ಹೇಳಿದರು. ಕುರಿಗಳು ಎಲ್ಲೂ ಹೋಗುವುದಿಲ್ಲ ಎಂಬುದನ್ನೂ ಮೇಡಂ ಅವರೇ ಮೆಟ್ಟಿಲ ಮೇಲಿಂದ ಹೇಳಿದರು. ಕಾಕಾ ಅದಕ್ಕೆ "ನಂಗೊತ್ತಿತ್ತು ತಗೋರಿ" ಎಂದು ಅಂಗಿಯ ಒಳಜೇಬಿಗೆ ಫೋಟೊ ಇಟ್ಟು ಗುಂಡಿ ಹಾಕಿಕೊಂಡರು.

ಸೋಮವಾರ ಎಂಟಕ್ಕೆ ಮೊದಲೇ ಅವರು ಬಂದಿದ್ದರು. ನಾನು ಬ್ಯಾಗು ಇಳಿಸುವ ಮೊದಲೇ ಫೋಟೊ ತೆಗೆದು ಮುಂದೆ ಹಿಡಿದರು. ನಾರಾಯಣಖೇಡಿನ ಬಸ್‌ಸ್ಟ್ಯಾಂಡಿನಿಂದ ಊರಿನ ಕಟ್ಟೆಯವರೆಗೆ ಎಷ್ಟು ಕೈ ದಾಟಿತ್ತೋ, ಮೂಲೆಗಳು ಮೆತ್ತಗಾಗಿ, ನಡುವೆ ಮಡಿಕೆಯ ಗೆರೆ ಬಿದ್ದಿತ್ತು.

"ಎಲ್ಲಾರೂ ಯಾರ ಎದಿ ಎಕ್ಸರೇ ಮಾಡಿಸ್ಕೊಂಡು ಬಂದೀ ಅಂತ ಕೇಳಾಕತ್ರವ್ವ."

"ನೀವೇನಂದ್ರಿ?"

"ಎದೀದಲ್ಲ, ಕುರೀದು ಅಂದೆ. ಕುರಿಗೂ ಎದಿ ಬ್ಯಾನಿ ಬಂತೇನು ಅಂದ್ರು. ಮಂದಿಗಿ ಹೇಳಾಕ ಹೋದ್ರ ಮುಗಿಯಲ್ಲ." ಫೋಟೊವನ್ನು ನನ್ನ ಕೈಗಿಟ್ಟು ಹೇಳಿದರು, "ಇನ್ನೊಂದು ತೆಗೆದು ಕೊಡು. ಇದು ಹಾಳಾತು. ಬೀಗರ ಊರಿಗಿ ಹೋಗೋದದ ಬರೋ ವಾರ."

ನಾನು ಮೇಲೆ ಹೋಗಿ ಮೇಡಂರನ್ನು ಕೇಳಿ ಇನ್ನೊಂದು ಪ್ರತಿ ತೆಗೆದೆ. ಹಿಂದೆ ವಾರ, ತಾರೀಕು ಬರೆದು, ಕೆಳಗೆ "ಮೂರನೇ ಕುರಿ, ಮೊದಲ ಲಾಟ್" ಎಂದು ಸೇರಿಸಿದೆ. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ತೆಲುಗಿನದನ್ನು ಗೆಳತಿ ಓದಿ, ತಪ್ಪಿಲ್ಲ ಎಂದಳು.